ಹೊಳಪು ನೋಡಿ ಕೊಂಡ ಗೋಧಿ

1987ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಕಾಶ್ಮೀರ ಕಣಿವೆಯಲ್ಲಿ ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ಕೂತಿತ್ತು. ರೊಟ್ಟಿ ತಿಂದ ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ಹೊಟ್ಟೆ ಉಬ್ಬರಿಸುತ್ತಿತ್ತು, ನುಲಿಯುತ್ತಿತ್ತು, ಗಂಟಲು ಕೆರೆಯುತ್ತಿತ್ತು. ಕೆಲವರಿಗೆ ಭೇದಿ, ಕೆಲವರಿಗೆ ವಾಂತಿ. ಅಪರೂಪಕ್ಕೆ ಮಲದಲ್ಲಿ ರಕ್ತ, ಮುಖದ ಮೇಲೆ ದದ್ದು. ತೊಂದರೆಗೆ ಸಿಕ್ಕವರು ಸುಮಾರು 50,000 ಮಂದಿ ಎಂದು ಅಂದಾಜು ಮಾಡಲಾಯಿತು. ಇಷ್ಟೊಂದು ಜನರಿಗೆ ಒಟ್ಟಿಗೆ ಹೊಟ್ಟೆ ಕೆಟ್ಟರೆ ಯಾರೇ ಆಗಲಿ ಮೊದಲು ಕುಡಿಯುವ ನೀರನ್ನು ಅನುಮಾನಿಸುತ್ತಾರೆ. ಇಲ್ಲಿ ತಪ್ಪು ಹಿಟ್ಟಿನದಾಗಿತ್ತು.

ಕಾಶ್ಮೀರ ಅನ್ನ ಉಣ್ಣುವ ನಾಡು. ಆದರೆ ಬೆಳಗಿನ ಉಪ್ಪು ಚಹಾಕ್ಕೆ ಅಲ್ಲಿನವರಿಗೆ ರೊಟ್ಟಿ ಬೇಕೇ ಬೇಕು. ಅದನ್ನು ಮನೆಯಲ್ಲಿ ಸುಡುವ ರೂಢಿ ಕಡಿಮೆ. ಓಣಿಯ ಕಾಂದರ್ ಅಂಗಡಿಗೆ ಹೋಗಿ, ತಂದೂರಿನಿಂದ ಆಗತಾನೇ ಎತ್ತಿದ ಗಿರ್ದಾವನ್ನೋ ತೆಳ್ಳಗಿನ ಲವಾಸಾವನ್ನೋ ಕಟ್ಟಿಸಿಕೊಂಡು ಬರುತ್ತಾರೆ. ಹೀಗಾಗಿ ಒಂದು ಮೂಟೆ ಹಿಟ್ಟು ಕೆಟ್ಟಿದ್ದರೆ ಅದರ ಫಲ ಒಂದು ಮನೆಗಲ್ಲ, ಇಡೀ ಓಣಿಗೆ. ಆ ವರ್ಷ ಆದದ್ದೂ ಅದೇ. ಮಳೆಗೆ ಸಿಕ್ಕಿ ಬೂಷ್ಟು ಹಿಡಿದಿದ್ದ ಗೋಧಿ ಹಿಟ್ಟಾಗಿ ತಂದೂರು ಸೇರಿತ್ತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ರಮೇಶ್ ವಿ. ಭಟ್ ಮತ್ತು ಸಂಗಡಿಗರು ಕಣಿವೆಗೆ ಹೋಗಿ 224 ಮಂದಿಯನ್ನು ವಿಚಾರಿಸಿದರು; 97 ಮಂದಿಗೆ ಲಕ್ಷಣಗಳಿದ್ದವು. ಗೋಧಿ ಮತ್ತು ಹಿಟ್ಟಿನ 24 ಮಾದರಿಗಳನ್ನು ಪ್ರಯೋಗಾಲಯಕ್ಕೆ ಹಾಕಿದಾಗ 11ರಲ್ಲಿ ಡಿಆಕ್ಸಿನಿವಲೆನಾಲ್ ಎಂಬ ವಿಷ ಸಿಕ್ಕಿತು. ವಿಜ್ಞಾನಿಗಳು ಇದನ್ನು ಚುಟುಕಾಗಿ ಡಾನ್ ಎನ್ನುತ್ತಾರೆ. ಒಂದು ಮಾದರಿಯಲ್ಲಂತೂ ಕಿಲೋಗೆ 8 ಮಿಲಿಗ್ರಾಮಿಗಿಂತ ಹೆಚ್ಚು. ಅದರ ಜೊತೆಗೆ, ಇನ್ನೂ ಉಗ್ರವಾದ ಟಿ-2 ಎಂಬ ಸೋದರ ವಿಷವೂ ಕೆಲವು ಮಾದರಿಗಳಲ್ಲಿತ್ತು. 1989ರ ಜನವರಿಯಲ್ಲಿ ಈ ವರದಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೂಷ್ಟಿನ ವಿಷದ ಬಗ್ಗೆ ಬರೆಯುವವರು ಇವತ್ತಿಗೂ ಕಾಶ್ಮೀರದ ಹೆಸರು ಎತ್ತುತ್ತಾರೆ. ಆ ಪಾಠ ಕಲಿಯಬೇಕಾಗಿದ್ದ ನಮ್ಮ ಖರೀದಿ ಕೇಂದ್ರಗಳು ಮಾತ್ರ ಇನ್ನೂ ಗೋಧಿಯ ಹೊಳಪು ನೋಡುತ್ತ ಕೂತಿವೆ.

ಈ ವಿಷ ಬರುವುದು ಫ್ಯುಸೇರಿಯಂ ಎಂಬ ಶಿಲೀಂಧ್ರದಿಂದ. ಹಿಂದಿನ ಬೆಳೆಯ ಕೂಳೆಯಲ್ಲಿ, ಅದರಲ್ಲೂ ಗೋಧಿ ಮತ್ತು ಮೆಕ್ಕೆಜೋಳದ ಕೂಳೆಯಲ್ಲಿ ಅದು ಬದುಕಿಕೊಂಡಿರುತ್ತದೆ. ಗೋಧಿ ಹೂ ಬಿಡುವ ಹೊತ್ತಿಗೆ ಎರಡು ಮೂರು ದಿನ ಬೆಚ್ಚಗಿನ ಮಳೆ ಹಿಡಿದರೆ ಅದರ ಬೀಜಕಣಗಳು ತೆನೆಗೆ ಹತ್ತುತ್ತವೆ. ತೆನೆಯ ಅರ್ಧ ಭಾಗ ಹಸಿರಾಗಿಯೇ ಇದ್ದು ಉಳಿದರ್ಧ ಅಕಾಲದಲ್ಲಿ ಬಿಳುಚಿಕೊಳ್ಳುತ್ತದೆ. ಕಾಳು ಸುಕ್ಕುಗಟ್ಟಿ ಸುಣ್ಣ ಬಳಿದಂತೆ ಕಾಣುತ್ತದೆ, ಕೆಲವೊಮ್ಮೆ ನಸುಗೆಂಪು. ಇದೆಲ್ಲ ಕಣ್ಣಿಗೆ ಕಾಣುವ ಕಾಳಿನ ಮಾತು. ನೋಡಲು ಚೆನ್ನಾಗಿಯೇ ಇರುವ ಕಾಳಿನಲ್ಲಿಯೂ ವಿಷ ಇರಬಲ್ಲದು, ಬೂಷ್ಟು ಒಣಗಿ ಉದುರಿ ಹೋದ ಮೇಲೂ ವಿಷ ಉಳಿಯುತ್ತದೆ.

ಅಡುಗೆ ಇದಕ್ಕೆ ಮದ್ದಲ್ಲ. ‘ಚೆನ್ನಾಗಿ ಬೇಯಿಸಿದರೆ ಏನೂ ಆಗುವುದಿಲ್ಲ’ ಎಂಬ ಮಾತು ರೋಗಾಣುಗಳ ಮಟ್ಟಿಗೆ ನಿಜ. ಶಿಲೀಂಧ್ರವೂ ಬೆಂಕಿಗೆ ಸಾಯುತ್ತದೆ. ಅದು ಕಾಳಿನಲ್ಲಿ ಬಿಟ್ಟುಹೋದ ರಾಸಾಯನಿಕ ಮಾತ್ರ ಬ್ರೆಡ್ ಸುಡುವ ಶಾಖಕ್ಕೆ ಬಹುಮಟ್ಟಿಗೆ ಜಗ್ಗುವುದಿಲ್ಲ. ಹೊಟ್ಟೆಯೊಳಗೆ ಹೋಗಿ, ಜೀವಕೋಶ ಪ್ರೋಟೀನ್ ತಯಾರಿಸುವ ಕೆಲಸಕ್ಕೇ ಅಡ್ಡ ನಿಲ್ಲುತ್ತದೆ. ಕರುಳಿನ ಒಳಪದರ, ರೋಗನಿರೋಧಕ ಶಕ್ತಿ ಎರಡಕ್ಕೂ ಪೆಟ್ಟು. ಹಂದಿಗಳಿಗೆ ಇದರ ಸುಳಿವು ಬೇಗ ಸಿಗುತ್ತದೆ. ಮೇವಿನಲ್ಲಿ ಕಿಲೋಗೆ ಒಂದೆರಡು ಮಿಲಿಗ್ರಾಂ ಇದ್ದರೂ ಮೂತಿ ತಿರುಗಿಸುತ್ತವೆ, ಹೆಚ್ಚಾದರೆ ಕಕ್ಕುತ್ತವೆ. ಅಮೆರಿಕದಲ್ಲಿ ಹಂದಿಗಳು ಕಕ್ಕಿದ ಮೆಕ್ಕೆಜೋಳವನ್ನು ಪರೀಕ್ಷಿಸಿಯೇ 1973ರಲ್ಲಿ ಇದಕ್ಕೆ ವಾಮಿಟಾಕ್ಸಿನ್ ಎಂಬ ಇನ್ನೊಂದು ಹೆಸರಿಟ್ಟರು. ಪಡಿತರ ಚೀಟಿ ಹಿಡಿದು ನಿಂತ ಮನುಷ್ಯನಿಗೆ ಮೂತಿ ತಿರುಗಿಸುವ ಆಯ್ಕೆ ಇಲ್ಲ.

ಇನ್ನು ಲೆಕ್ಕದ ಮಾತು. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ ಗೋಧಿಯಲ್ಲಿ ಈ ಡಾನ್ ಕಿಲೋಗೆ 1,000 ಮೈಕ್ರೋಗ್ರಾಂ, ಅಂದರೆ 1 ಮಿಲಿಗ್ರಾಂ ಮೀರಬಾರದೆಂದು ಮಿತಿ ಹಾಕಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಜಂಟಿ ತಜ್ಞರ ಸಮಿತಿಯ ಪ್ರಕಾರ ಒಬ್ಬ ಮನುಷ್ಯ ಜೀವನವಿಡೀ ದಿನವೂ ಸೇವಿಸಿದರೂ ತೊಂದರೆಯಾಗದ ಪ್ರಮಾಣ, ದೇಹತೂಕದ ಪ್ರತಿ ಕಿಲೋಗೆ 1 ಮೈಕ್ರೋಗ್ರಾಂ. ಅರುವತ್ತು ಕಿಲೋ ತೂಗುವವರಿಗೆ ದಿನಕ್ಕೆ 60 ಮೈಕ್ರೋಗ್ರಾಂ ಆಯಿತು. ಗೋಧಿಯಲ್ಲಿ ವಿಷ ಕಾನೂನಿನ ಗೆರೆಯವರೆಗೆ ಮುಟ್ಟಿದ್ದರೆ 60 ಗ್ರಾಂ ಹಿಟ್ಟಿಗೇ ಆ ಪಾಲು ಮುಗಿಯಿತು. ಎರಡು ಚಪಾತಿ! ಹದಿನೈದು ಕಿಲೋ ತೂಕದ ಅಂಗನವಾಡಿ ಮಗುವಿಗೆ ಅರ್ಧ ಚಪಾತಿ. ಒಂದು ದಿನ ಹೆಚ್ಚು ತಿಂದರೆ ಯಾರೂ ಬೀಳುವುದಿಲ್ಲ, ಎಲ್ಲ ಗೋಧಿಯೂ ಗೆರೆ ಮುಟ್ಟುವುದೂ ಇಲ್ಲ. ಆದರೂ ಮೂರು ಹೊತ್ತೂ ಗೋಧಿಯನ್ನೇ ನೆಚ್ಚಿಕೊಂಡ ಮನೆಗೆ ಈ ಗೆರೆ ಎಷ್ಟು ಸಡಿಲ ಎಂಬುದು ತಿಳಿಯುತ್ತದೆ. ಅಷ್ಟು ಸಡಿಲವಾದ ಗೆರೆಯನ್ನೂ ಅಳೆದು ನೋಡುವವರಿಲ್ಲ ಎಂಬುದೇ ಈ ಬರಹದ ತಕರಾರು.

ಭಾರತಕ್ಕೆ ಹವಾಮಾನದ ಒಂದು ಕೃಪೆ ಇದೆ, ಅದನ್ನು ಒಪ್ಪಲೇಬೇಕು. ನಮ್ಮ ಗೋಧಿ ಹಿಂಗಾರಿನ ಬೆಳೆ. ನವೆಂಬರಿನಲ್ಲಿ ಬಿತ್ತಿದ್ದು ಫೆಬ್ರುವರಿಯ ಒಣಚಳಿಯಲ್ಲಿ ಹೂ ಬಿಡುತ್ತದೆ. ಆಗ ಫ್ಯುಸೇರಿಯಂಗೆ ಬೇಕಾದ ಒದ್ದೆ ಸಿಗುವುದಿಲ್ಲ. ಅಮೆರಿಕದ ಉತ್ತರ ಡಕೋಟ, ಮಿನ್ನೆಸೋಟ ರಾಜ್ಯಗಳಲ್ಲಿ 1993ರಲ್ಲಿ ಈ ರೋಗ ಗೋಧಿಯನ್ನು ನೆಲಸಮ ಮಾಡಿದಂಥ ಪ್ರಸಂಗ ಪಂಜಾಬಿನಲ್ಲಿ ಆಗದಿರುವುದಕ್ಕೆ ಕಾರಣ ಇದು. ಆದರೆ ಕೃಪೆ ಇರುವುದು ಹೂ ಬಿಡುವ ತನಕ ಮಾತ್ರ. ಕೊಯ್ಲಿನ ಹೊತ್ತಿಗೆ, ಮಾರ್ಚ್ ಕೊನೆ ಏಪ್ರಿಲ್ ಮೊದಲಿನಲ್ಲಿ, ಪಶ್ಚಿಮದಿಂದ ಬರುವ ಮೋಡಗಳು ಗಾಳಿ, ಆಲಿಕಲ್ಲು, ಮಳೆ ಸುರಿಸುತ್ತವೆ. ಬಲಿತ ಪೈರು ಮಲಗಿ ತೆನೆ ಒದ್ದೆ ನೆಲಕ್ಕೆ ತಾಗುತ್ತದೆ. ಆಮೇಲೆ ಮಂಡಿಯ ಬಯಲಲ್ಲಿ ರಾಶಿ, ಅದರ ಮೇಲೆ ಮತ್ತೊಂದು ಮಳೆ, ಅರೆ ಒಣಗಿದ್ದನ್ನೇ ಚೀಲಕ್ಕೆ ತುಂಬಿ ಟಾರ್ಪಾಲಿನಡಿ ಪೇರಿಸುವುದು. ಇಲ್ಲಿ ಫ್ಯುಸೇರಿಯಂ ಜೊತೆ ಆಸ್ಪರ್ಜಿಲಸ್, ಪೆನಿಸಿಲಿಯಂ ಮುಂತಾದ ಗೋದಾಮಿನ ಬೂಷ್ಟುಗಳೂ ಸೇರಿಕೊಳ್ಳುತ್ತವೆ. ಅವುಗಳ ವಿಷ ಬೇರೆ: ಯಕೃತ್ತನ್ನು ಕೆಡಿಸುವ ಅಫ್ಲಟಾಕ್ಸಿನ್, ಮೂತ್ರಪಿಂಡಕ್ಕೆ ಕೈ ಹಾಕುವ ಆಕ್ರಟಾಕ್ಸಿನ್.

2023ರಲ್ಲಿ ಇಂಥದೇ ಮಳೆ ಮಧ್ಯಪ್ರದೇಶ, ರಾಜಸ್ಥಾನ, ಪಂಜಾಬ್, ಹರಿಯಾಣಗಳ ಗೋಧಿಯನ್ನು ತೋಯಿಸಿತು. ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ಖರೀದಿಯ ಗುಣಮಟ್ಟ ಸಡಿಲಿಸಿತು. ಸುಕ್ಕಿದ ಮತ್ತು ಒಡೆದ ಕಾಳು ಶೇ 6ರವರೆಗೆ ಇದ್ದರೆ ಮಾತ್ರ ಕೊಳ್ಳಬಹುದು ಎಂಬ ನಿಯಮವಿದ್ದದ್ದು ಪಂಜಾಬ್, ಹರಿಯಾಣಗಳಲ್ಲಿ ಶೇ 18ಕ್ಕೆ ಏರಿತು. ಹೊಳಪು ಕಳೆದುಕೊಂಡ ಕಾಳು ಶೇ 10ರವರೆಗೆ ಇದ್ದರೆ ಬೆಲೆಯಲ್ಲಿ ಕಡಿತವಿಲ್ಲ. ಶೇ 80ರವರೆಗೆ ಇದ್ದರೆ ಕ್ವಿಂಟಲ್‌ಗೆ 5 ರೂಪಾಯಿ 31 ಪೈಸೆ ಕಡಿತ. ಆ ವರ್ಷದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,125 ರೂಪಾಯಿ. ಸುಕ್ಕು, ಹೊಳಪು ಎರಡೂ ಸೇರಿ ಅತಿ ಕೆಟ್ಟ ರಾಶಿಗೂ ಬಿದ್ದ ಕಡಿತ 37 ರೂಪಾಯಿ ಚಿಲ್ಲರೆ. ಅದನ್ನೂ ತಾವೇ ಭರಿಸುವುದಾಗಿ ಪಂಜಾಬಿನ ಮುಖ್ಯಮಂತ್ರಿ ಘೋಷಿಸಿದರು. ರೈತರ ಮಟ್ಟಿಗೆ ಇದು ಸರಿಯಾದ ತೀರ್ಮಾನವೇ. ಆಕಾಶ ಮಾಡಿದ ತಪ್ಪಿಗೆ ರೈತ ದಂಡ ತೆರಬೇಕಿಲ್ಲ.

ಪ್ರಶ್ನೆ ಇರುವುದು ಆಮೇಲಿನದರ ಬಗ್ಗೆ. ಸಡಿಲಿಸಿದ ನಿಯಮದಡಿ ಕೊಂಡ ಗೋಧಿಯನ್ನು ಪ್ರತ್ಯೇಕವಾಗಿ ಪೇರಿಸಿ, ಪ್ರತ್ಯೇಕ ಲೆಕ್ಕವಿಟ್ಟು, ಆದ್ಯತೆಯ ಮೇಲೆ ಖಾಲಿ ಮಾಡಬೇಕೆಂಬುದು ಇಂಥ ಆದೇಶಗಳ ಷರತ್ತು. ಖಾಲಿ ಮಾಡುವುದು ಎಂದರೆ ಯಾರೋ ತಿನ್ನುವುದು ಎಂದೇ ಅರ್ಥ. ಹೆಚ್ಚು ದಿನ ಇಟ್ಟರೆ ಕೆಡುತ್ತದೆ, ಆದ್ದರಿಂದ ಮೊದಲು ಹಂಚಿಬಿಡಿ ಎಂಬುದು ಗೋದಾಮಿನ ತರ್ಕ. ದಾಸ್ತಾನು ಉಳಿಸುವ ದೃಷ್ಟಿಯಿಂದ ತಪ್ಪೇನಿಲ್ಲ. ಆದರೆ ಅನುಮಾನ ಇರುವ ಗೋಧಿಯೇ ಎಲ್ಲಕ್ಕಿಂತ ಬೇಗ, ಎಲ್ಲಕ್ಕಿಂತ ಕಡಿಮೆ ತಪಾಸಣೆಯಲ್ಲಿ ಜನರ ತಟ್ಟೆ ತಲುಪುವ ದಾರಿ ಅದು.

ಖರೀದಿ ಕೇಂದ್ರದ ಮೇಜಿನ ಹತ್ತಿರ ನಿಂತು ನೋಡಿದರೆ ಇದು ಅರ್ಥವಾಗುತ್ತದೆ. ಚೀಲಕ್ಕೆ ಮೊನಚು ಕೊಳವೆ ಚುಚ್ಚಿ ಒಂದು ಹಿಡಿ ಕಾಳು ಎಳೆಯುತ್ತಾರೆ. ತೇವಾಂಶದ ಮೀಟರಿಗೆ ಹಾಕುತ್ತಾರೆ: ಶೇ 12ರೊಳಗಿದ್ದರೆ ಸರಿ, ಶೇ 14ರವರೆಗೆ ಬೆಲೆ ಕಡಿತ, ಅದಕ್ಕೂ ಮೇಲಾದರೆ ವಾಪಸ್. ಜರಡಿ ಹಿಡಿದು ಕಸಕಡ್ಡಿ ತೂಗುತ್ತಾರೆ. ಬಿಳಿ ತಟ್ಟೆಯಲ್ಲಿ ಹರಡಿ ಒಡೆದದ್ದು, ಸುಕ್ಕಿದ್ದು, ಮಂಕಾದದ್ದು ಆರಿಸುತ್ತಾರೆ. ಹಳೇ ಕೈಗಳಾದರೆ ಒಂದು ಕಾಳು ಹಲ್ಲಿಗಿಟ್ಟು ಕಟಕ್ಕನೆ ಒಡೆಯಿತೇ, ಜಿಗುಟಾಯಿತೇ ಎಂದು ನೋಡಿಯೇ ತೀರ್ಪು ಕೊಡುತ್ತಾರೆ. ಧಾನ್ಯ ಆಹಾರ ಸುರಕ್ಷತಾ ಕಾನೂನಿಗೆ ಹೊಂದಬೇಕು ಎಂಬ ಮಾತು ಕಾಗದದಲ್ಲಿದೆ. ಹೊಂದಿದೆಯೋ ಇಲ್ಲವೋ ಎಂದು ಹೇಳುವ ಸಾಧನ ಆ ಮೇಜಿನ ಮೇಲಿಲ್ಲ. ಮಳೆ ಬಂದ ವರ್ಷ ಇರುವ ಅಳತೆಯನ್ನೂ ಮೂರು ಪಟ್ಟು ಸಡಿಲಿಸುತ್ತೇವೆ. ಇಲ್ಲದ ಅಳತೆಯನ್ನು ತರುವ ಯೋಚನೆ ಆಗಲೂ ಬರುವುದಿಲ್ಲ.

2023ರಂಥ ವರ್ಷದಲ್ಲೂ ಆ ಹಂಗಾಮಿನ ಸರ್ಕಾರಿ ಖರೀದಿ ಸುಮಾರು 262 ಲಕ್ಷ ಟನ್. ಆಹಾರ ಭದ್ರತಾ ಕಾಯ್ದೆಯ ಆಸರೆಯಲ್ಲಿರುವವರು ಸುಮಾರು 80 ಕೋಟಿ ಜನ. ಅಂಗನವಾಡಿಯ ಪೂರಕ ಆಹಾರಕ್ಕೂ ಇದೇ ದಾಸ್ತಾನಿನಿಂದ ಗೋಧಿ ಹೋಗುತ್ತದೆ.

ಕೆಟ್ಟ ಕಾಳು ಯಾರ ಪಾಲಿಗೆ ಬರುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ದಾಖಲೆಗಳಿವೆ. 1974ರ ಕೊನೆಯಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳ ಬುಡಕಟ್ಟು ಹಳ್ಳಿಗಳಲ್ಲಿ ಕಾಮಾಲೆಯಂಥ ಕಾಯಿಲೆ ಹಬ್ಬಿತು. ಅಕಾಲ ಮಳೆಗೆ ನೆನೆದ ಮೆಕ್ಕೆಜೋಳವನ್ನೇ ಅಲ್ಲಿಯವರು ವಾರಗಟ್ಟಲೆ ತಿಂದಿದ್ದರು. ದಾಖಲಾದ 397 ರೋಗಿಗಳಲ್ಲಿ 106 ಮಂದಿ ತೀರಿಕೊಂಡರು. ಅದೇ ಮನೆಗಳ ನಾಯಿಗಳಿಗೂ ಅದೇ ಕಾಯಿಲೆ. ಅಲ್ಲಿ ಸಿಕ್ಕಿದ್ದು ಅಫ್ಲಟಾಕ್ಸಿನ್. ಇಪ್ಪತ್ತು ವರ್ಷ ಕಳೆದು, 1995ರಲ್ಲಿ, ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ. ಸಮೀಕ್ಷೆ ಮಾಡಿದ 50 ಹಳ್ಳಿಗಳ ಪೈಕಿ 27ರಲ್ಲಿ ಕಾಯಿಲೆ ಕಂಡಿತು. ಮಳೆಗೆ ಸಿಕ್ಕ ಜೋಳ, ಮೆಕ್ಕೆಜೋಳದಲ್ಲಿ ಫ್ಯುಮೋನಿಸಿನ್ ಎಂಬ ವಿಷ. ಕಾಯಿಲೆ ಬಿದ್ದವರು ಬಡವರು. ಒಳ್ಳೆಯ ಕಾಳು ಕೊಳ್ಳುವ ಶಕ್ತಿ ಇದ್ದ ಮನೆಗಳು ಅದೇ ಊರಿನಲ್ಲಿ ಆರಾಮಾಗಿದ್ದವು. ಕೆಟ್ಟ ಕಾಳು ತಿನ್ನುವುದು ನಿಲ್ಲಿಸಿದಾಗ ಕಾಯಿಲೆ ತಾನಾಗಿ ನಿಂತಿತು. ಆದರೆ ಮನೆಯಲ್ಲಿ ಇದ್ದದ್ದೇ ಆ ಕಾಳು ಆಗಿದ್ದರೆ ನಿಲ್ಲಿಸುವುದು ಹೇಗೆ?

ಹೊರದೇಶಗಳಲ್ಲಿಯೂ ಇದೇ ಕಥೆ. ಎರಡನೇ ಮಹಾಯುದ್ಧದ ಕಾಲದಲ್ಲಿ ರಷ್ಯಾದ ಒರೆನ್‌ಬರ್ಗ್ ಸೀಮೆಯಲ್ಲಿ ಕೊಯ್ಯಲು ಕೈಗಳಿಲ್ಲದೆ ಧಾನ್ಯ ಹಿಮದಡಿ ಉಳಿಯಿತು. ವಸಂತ ಬಂದಾಗ ಹಸಿದವರು ಅದನ್ನೇ ಹೆಕ್ಕಿ ತಿಂದರು. ಟಿ-2 ವಿಷ ಮೂಳೆಮಜ್ಜೆಯನ್ನೇ ಹಾಳು ಮಾಡಿತು. ಸಾವಿರಾರು ಜನ ಸತ್ತರು.

ಕರ್ನಾಟಕಕ್ಕೆ ಇದರಲ್ಲಿ ಏನು ಪಾಲು ಎಂದು ಕೇಳಬಹುದು. ಗೋಧಿ ಬೆಳೆಯುವುದು ಇಲ್ಲಿ ಸ್ವಲ್ಪವೇ: ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ ಸೀಮೆಯ ಎರೆಹೊಲಗಳಲ್ಲಿ, ಹೋಳಿಗೆ ಸಂಡಿಗೆಗೆ ಹೆಸರಾದ ಜವೆ ಗೋಧಿ ಸೇರಿ. ನಗರಗಳ ಚಪಾತಿಗೆ ಗೋಧಿ ಬರುವುದು ಬಹುಪಾಲು ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶದ ಮಂಡಿಗಳಿಂದ. ಅಲ್ಲಿಯ ಮಳೆ ಇಲ್ಲಿಯ ಹಿಟ್ಟಿನ ಗಿರಣಿಗೆ ಬಂದೇ ಬರುತ್ತದೆ. ಅದಕ್ಕಿಂತ ಹತ್ತಿರದ ಸಂಗತಿ ಮೆಕ್ಕೆಜೋಳ. ಅಕ್ಟೋಬರ್, ನವೆಂಬರಿನಲ್ಲಿ ದಾವಣಗೆರೆ, ಹಾವೇರಿ ಕಡೆ ಹೋದವರಿಗೆ ರಸ್ತೆಯ ಒಂದು ಬದಿಯುದ್ದಕ್ಕೂ ಹಳದಿ ಹಾಸಿದಂತೆ ಹರಡಿದ ಕಾಳು ಗೊತ್ತು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಸಂಜೆಗೆ ಅದೇ ರಾಶಿ ಟಾರ್ಪಾಲಿನಡಿ ಬೆವರುತ್ತದೆ, ಬೆಳಗ್ಗೆ ತೆರೆದಾಗ ಮುಗ್ಗಲು ವಾಸನೆ. ಒಣಗಿಸುವ ಯಂತ್ರವಿಲ್ಲ, ಕಾಯುವ ಶಕ್ತಿಯೂ ಇಲ್ಲ. ಸಾಲ ತೀರಿಸಲು ಮಾರಲೇಬೇಕು. ಆ ಕಾಳು ಹೆಚ್ಚಾಗಿ ಕೋಳಿ ಮತ್ತು ದನದ ಆಹಾರವಾಗುತ್ತದೆ.

ದನದ ಆಹಾರ ಎಂದಾಗ ನಮ್ಮಲ್ಲೊಂದು ಹಳೇ ಸಮಾಧಾನ ಇದೆ. ‘ಕೆಟ್ಟರೆ ದನಕ್ಕೆ ಹಾಕಿದರಾಯಿತು.’ ಉತ್ತರ ಕರ್ನಾಟಕದ ನೆಲದಡಿಯ ಹಗೇವುಗಳಲ್ಲಿ ಜೋಳ ವರ್ಷಗಟ್ಟಲೆ ಉಳಿಯುತ್ತಿತ್ತು. ಬಾಯಿ ತೆರೆದು ಕೆಟ್ಟ ಗಾಳಿ ಹೋಗುವ ತನಕ ಕಾದು, ಆಮೇಲೆ ಒಳಗೆ ಇಳಿಯುತ್ತಿದ್ದರು. ನಡುವಿನ ಜೋಳ ಮನೆಗೆ. ಮಣ್ಣಿನ ಗೋಡೆಗೆ ತಾಗಿ ತೇವ ಹೀರಿ ಕಪ್ಪಾದ ಜೋಳ ಬೇರೆಯಾಗುತ್ತಿತ್ತು, ಅದು ಕೊಟ್ಟಿಗೆಗೆ. ಬೇರ್ಪಡಿಸಿದ್ದು ಜಾಣತನ. ಕೊಟ್ಟಿಗೆಗೆ ಹಾಕಿದ್ದು ಮಾತ್ರ ಸುತ್ತು ಬಳಸಿ ಮನೆಗೇ ಬರುತ್ತದೆ, ಹಾಲಿನ ರೂಪದಲ್ಲಿ. ಹಸು ತಿಂದ ಅಫ್ಲಟಾಕ್ಸಿನ್ ಬಿ1 ಹಾಲಿನಲ್ಲಿ ಎಂ1 ಆಗಿ ಇಳಿಯುತ್ತದೆ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಎತ್ತಿ ಪರೀಕ್ಷಿಸಿತ್ತು. ಕಲಬೆರಕೆಯಿಂದಾಗಿ ಕುಡಿಯಲು ಅಪಾಯಕಾರಿ ಎನಿಸಿದ್ದು 12 ಮಾತ್ರ. ಅಫ್ಲಟಾಕ್ಸಿನ್ ಎಂ1 ಮಿತಿ ಮೀರಿದ್ದವು 368. ಯೂರಿಯಾ ಹಾಲಿನ ಸುದ್ದಿಗೆ ಬೆಚ್ಚಿ ಬೀಳುವ ಮನೆಗಳಲ್ಲಿ ಬೂಷ್ಟು ಹಿಂಡಿಯ ಹಾಲಿನ ಚರ್ಚೆ ನಡೆದದ್ದಿಲ್ಲ.

ವಿದೇಶಕ್ಕೆ ಕಳಿಸುವ ಮಾಲಿಗೆ ಮಾತ್ರ ನಮಗೆ ಬೇರೆಯೇ ಶಿಸ್ತು. ಭಾರತದ ಶೇಂಗಾದಲ್ಲಿ ಅಫ್ಲಟಾಕ್ಸಿನ್ ಹೆಚ್ಚೆಂದು ಯುರೋಪ್ ತಕರಾರು ತೆಗೆದ ಮೇಲೆ, ಕೃಷಿ ರಫ್ತು ಪ್ರಾಧಿಕಾರ ಅಪೇಡಾ ಪೀನಟ್ ಡಾಟ್ ನೆಟ್ ಎಂಬ ವ್ಯವಸ್ಥೆ ಕಟ್ಟಿತು. ಪ್ರತಿ ಲಾಟಿನ ಸಂಸ್ಕರಣಾ ಘಟಕ, ಗೋದಾಮು, ಪ್ರಯೋಗಾಲಯದ ವರದಿ ಎಲ್ಲವೂ ಗಣಕದಲ್ಲಿ. ಅಂದರೆ ಕೈಲಾಗದ್ದೇನೂ ಅಲ್ಲ. ಧಾನ್ಯದಲ್ಲಿ ಒಟ್ಟು ಅಫ್ಲಟಾಕ್ಸಿನ್ ಕಿಲೋಗೆ 4 ಮೈಕ್ರೋಗ್ರಾಂ ದಾಟಬಾರದು ಎನ್ನುತ್ತದೆ ಯುರೋಪ್. ನಮ್ಮ ಗೆರೆ 15. ಅದೇ ಯುರೋಪಿನಲ್ಲಿ 2010ರಿಂದ 2019ರವರೆಗಿನ ಪರೀಕ್ಷಾ ವರದಿಗಳನ್ನು ಬ್ರಿಟನ್ನಿನ ಸಂಶೋಧಕರು ಕಲೆಹಾಕಿದಾಗ, ಮನುಷ್ಯರ ಊಟಕ್ಕೆಂದು ಬೆಳೆದ ಗೋಧಿಯ ಸುಮಾರು ಅರ್ಧದಲ್ಲಿ ಡಾನ್ ಕಂಡಿತ್ತು. ಶೇ 5ರಷ್ಟು, ಅಂದರೆ 7.5 ಕೋಟಿ ಟನ್, ಮಿತಿ ದಾಟಿತ್ತು. ಅಲ್ಲಿನ ಗೋಧಿ ನಮ್ಮದಕ್ಕಿಂತ ಹೊಲಸು ಎಂದು ಇದರಿಂದ ತೀರ್ಮಾನಿಸಿದರೆ ಮೋಸ ಹೋಗುತ್ತೇವೆ. ಅವರು ಅಳೆದರು, ಆದ್ದರಿಂದ ಗೊತ್ತಾಯಿತು. ಗೊತ್ತಾದ ಮೇಲೆ, 2024ರ ಜುಲೈನಿಂದ ಯುರೋಪಿನ ಮಿತಿ ಇನ್ನಷ್ಟು ಬಿಗಿಯಾಗಿದೆ: ಹಿಟ್ಟಿಗೆ ಕಿಲೋಗೆ 750 ಇದ್ದದ್ದು 600 ಮೈಕ್ರೋಗ್ರಾಂ.

ಪರೀಕ್ಷೆ ಎಂದ ಕೂಡಲೇ ಏಳುವ ಆಕ್ಷೇಪಗಳಲ್ಲಿ ಒಂದು ನಿಜಕ್ಕೂ ಗಟ್ಟಿಯಾದದ್ದು. ತೇವಾಂಶದ ನೆಪ, ಕಸದ ನೆಪ, ಬಣ್ಣದ ನೆಪ ಹೇಳಿ ಬೆಲೆ ಮುರಿಯುವ ದಲ್ಲಾಳಿಗೆ ವಿಷದ ನೆಪವೂ ಸಿಕ್ಕರೆ ರೈತನ ಗತಿ? ಮಾರುಕಟ್ಟೆಯ ಅಂಗಳದಲ್ಲಿ ನಿಂತವರಿಗೆ ಈ ಭಯ ಎಷ್ಟು ಸಹಜ ಎಂಬುದು ಗೊತ್ತು. ಆದ್ದರಿಂದ ಪರೀಕ್ಷೆ ರೈತನ ಚೀಲದ ಮೇಲೆ ನಡೆಯಬಾರದು. ಸರ್ಕಾರ ಹಣ ಕೊಟ್ಟು ಕೊಂಡ ಮೇಲೆ, ಗೋದಾಮಿನಲ್ಲಿ ಪೇರಿಸಿದ ರಾಶಿಯ ಮೇಲೆ ನಡೆಯಬೇಕು. ಫಲಿತಾಂಶ ಏನೇ ಬರಲಿ, ನಷ್ಟ ಸರ್ಕಾರದ್ದು. ಕೊಯ್ದು ಹೊಲದಲ್ಲಿ ಹರಡಿದ ಬೆಳೆ 14 ದಿನದೊಳಗೆ ಅಕಾಲ ಮಳೆಗೆ ಸಿಕ್ಕರೆ ಪರಿಹಾರ ಕೊಡಬೇಕೆಂದು ಫಸಲ್ ಬಿಮಾ ಯೋಜನೆಯಲ್ಲಿಯೇ ಇದೆ. 72 ಗಂಟೆಯೊಳಗೆ ತಿಳಿಸಬೇಕೆಂಬ ಷರತ್ತು, ಪಂಚನಾಮೆ, ಕಂಪನಿಯ ಓಡಾಟ ಇವೆಲ್ಲ ದಾಟಿ ಹಣ ಕೈಗೆ ಬರುವಷ್ಟರಲ್ಲಿ ಇನ್ನೊಂದು ಬಿತ್ತನೆ ಬಂದಿರುತ್ತದೆ, ಆ ಮಾತು ಬೇರೆ. ಪರಿಹಾರ ಕೊಡುವುದು ಕಷ್ಟ, ಗುಣಮಟ್ಟ ಸಡಿಲಿಸುವುದು ಸುಲಭ. ಸರ್ಕಾರಗಳು ಪಕ್ಷಭೇದವಿಲ್ಲದೆ ಸುಲಭದ ದಾರಿ ಹಿಡಿದಿವೆ. ರೈತನಿಗೆ ಸಿಗಬೇಕಾದ ನೆರವಿನ ಒಂದು ಭಾಗವನ್ನು ತಿನ್ನುವವನ ಹೊಟ್ಟೆಯಿಂದ ವಸೂಲು ಮಾಡುವ ದಾರಿ ಅದು.

ಖರ್ಚಿನ ಆಕ್ಷೇಪ ಅಷ್ಟು ಗಟ್ಟಿಯಲ್ಲ. ಗರ್ಭಪರೀಕ್ಷೆಯ ಪಟ್ಟಿಯಂಥದೇ ಪಟ್ಟಿಗಳು ಡಾನ್‌ಗೂ ಅಫ್ಲಟಾಕ್ಸಿನ್‌ಗೂ ಬಂದು ವರ್ಷಗಳಾದವು. ಕಾಳು ಪುಡಿ ಮಾಡಿ, ದ್ರಾವಣದಲ್ಲಿ ಕಲಕಿ, ಅದ್ದಿದರೆ ಕೆಲವೇ ನಿಮಿಷಗಳಲ್ಲಿ ಉತ್ತರ. ಸಾವಿರಾರು ಟನ್ನಿಗೆ ಹಣ ಕೊಡುವ ಗೋದಾಮಿಗೆ ಇದು ಭಾರವಲ್ಲ. ಕಷ್ಟ ಇರುವುದು ಮಾದರಿ ಎತ್ತುವುದರಲ್ಲಿ. ವಿಷ ರಾಶಿಯಲ್ಲಿ ಸಮವಾಗಿ ಹರಡಿರುವುದಿಲ್ಲ. ಅಫ್ಲಟಾಕ್ಸಿನ್ ಅಂತೂ ಬೆರಳೆಣಿಕೆಯ ಕಾಳುಗಳಲ್ಲಿ ಗುಡ್ಡೆಯಾಗಿ ಕೂತಿರುತ್ತದೆ. ಒಂದೇ ಚೀಲದಿಂದ ಹಿಡಿ ಎತ್ತಿದರೆ ಸುಳ್ಳು ಸಮಾಧಾನ ಸಿಗುತ್ತದೆ. ರಾಶಿಯ ಮೇಲೆ, ಕೆಳಗೆ, ನಡುವೆ, ಹಲವು ಚೀಲಗಳಿಂದ ಎತ್ತಿ, ಬೆರೆಸಿ, ಬೀಸಿ ಆಮೇಲೆ ಪರೀಕ್ಷಿಸಬೇಕು. ಇದಕ್ಕೆ ಬೇಕಾದದ್ದು ತರಬೇತಿ ಪಡೆದ ಕೈ. ಆಹಾರ ವಿಜ್ಞಾನಕ್ಕೆ ದೇಶದಲ್ಲೇ ಹೆಸರಾದ ಸಿಎಫ್‌ಟಿಆರ್‌ಐ ಮೈಸೂರಿನಲ್ಲಿದೆ. ಶೇಂಗಾ ಹಿಂಡಿಯಿಂದ ಅಫ್ಲಟಾಕ್ಸಿನ್ ತೆಗೆಯುವ ಪ್ರಯೋಗಗಳನ್ನು ಅಲ್ಲಿನವರು 1960ರ ದಶಕದಲ್ಲೇ ಮಾಡಿದ್ದರು. ತರಬೇತಿಗೆ ದೂರ ಹೋಗಬೇಕಾಗಿಲ್ಲ.

ಮಿತಿ ಮೀರಿದ ಗೋಧಿಯನ್ನು ಏನು ಮಾಡುವುದು? ಒಳ್ಳೆಯದರ ಜೊತೆ ಬೆರೆಸಿ ಸರಾಸರಿ ಇಳಿಸುವ ಯೋಚನೆ ಯಾರಿಗಾದರೂ ಬರುತ್ತದೆ. ಯುರೋಪಿನ ಕಾನೂನು ಅದನ್ನು ನಿಷೇಧಿಸಿದೆ, ನಾವೂ ನಿಷೇಧಿಸಬೇಕು. ಎಥನಾಲ್ ಕಾರ್ಖಾನೆಗೆ ಕಳಿಸುವುದು ಇನ್ನೊಂದು ದಾರಿ. ಸ್ಪಿರಿಟ್ ಜೊತೆ ವಿಷ ಹೋಗುವುದಿಲ್ಲ, ನಿಜ. ಆದರೆ ಪಿಷ್ಟ ಹೋಗಿ ಉಳಿದ ಗಷ್ಟದಲ್ಲಿ ಅದು ಸುಮಾರು ಮೂರು ಪಟ್ಟು ಸಾಂದ್ರವಾಗುತ್ತದೆ, ಆ ಗಷ್ಟ ಮತ್ತೆ ಪಶು ಆಹಾರ. ಮೆಕ್ಕೆಜೋಳದ ಎಥನಾಲ್‌ಗೆ ರಾಜ್ಯದಲ್ಲಿ ಕಾರ್ಖಾನೆಗಳು ಏಳುತ್ತಿರುವ ಈ ಹೊತ್ತಿನಲ್ಲಿ ಹಾಲು ಒಕ್ಕೂಟಗಳು ಇದರ ಮೇಲೆ ಕಣ್ಣಿಡದಿದ್ದರೆ ಹಾಲಿನ ಮುಂದಿನ ಸಮೀಕ್ಷೆಯ ಅಂಕಿ ಇನ್ನೂ ಕೆಟ್ಟದಾಗಬಹುದು.

ಮನೆಯ ಮಟ್ಟದಲ್ಲಿ ಮಾಡಬಹುದಾದದ್ದು ಸ್ವಲ್ಪ ಇದೆ, ಹೆಚ್ಚೇನಿಲ್ಲ. ವಿಷ ಹೆಚ್ಚಿರುವುದು ಜೊಳ್ಳು, ಸುಕ್ಕಿದ, ಹಗುರ ಕಾಳಿನಲ್ಲಿ. ಅಜ್ಜಿಯರು ಮೊರದಲ್ಲಿ ಕೇರಿ ಹಸನು ಮಾಡುತ್ತಿದ್ದಾಗ ಹಾರಿಹೋಗುತ್ತಿದ್ದದ್ದು ಅದೇ ಕಾಳು. ಮಿಲ್ಲಿನವರು ಬಣ್ಣ ನೋಡಿ ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರದಲ್ಲಿ ಮಾಡುವುದೂ ಹೆಚ್ಚು ಕಡಿಮೆ ಅದನ್ನೇ. ತೊಳೆದರೆ ಡಾನ್ ಸ್ವಲ್ಪ ನೀರಿಗೆ ಬಿಡುತ್ತದೆ. ಆದರೆ ತೊಳೆದ ಗೋಧಿಯನ್ನು ಮೋಡದ ದಿನ ಅರೆಬರೆ ಒಣಗಿಸಿ ಡಬ್ಬಕ್ಕೆ ತುಂಬಿದರೆ ಹೊಸ ಬೂಷ್ಟಿಗೆ ಮನೆ ಮಾಡಿಕೊಟ್ಟಂತೆ. ತವುಡಿನಲ್ಲಿ ವಿಷ ಹೆಚ್ಚು, ಮೈದಾದಲ್ಲಿ ಕಡಿಮೆ ಎಂಬುದು ಇಲ್ಲಿನ ವಿಪರ್ಯಾಸ. ಅಷ್ಟಕ್ಕೇ ಮೈದಾ ತಿನ್ನಿ ಎಂದು ಯಾರೂ ಹೇಳಲಾರರು. ಮುಗ್ಗಲು ವಾಸನೆ ಬಂದ, ಕಹಿಯಾದ ಹಿಟ್ಟನ್ನು ಬಿಸಿಲಿಗೆ ಹಾಕಿ ಉಳಿಸಿಕೊಳ್ಳುವ ಆಸೆ ಬೇಡ. ಅದನ್ನು ದನಕ್ಕೂ ಹಾಕುವುದು ಬೇಡ.

ಉಳಿದದ್ದು ಸರ್ಕಾರದ ಕೆಲಸ. ಮುಂದಿನ ಮಾರ್ಚ್‌ನಲ್ಲೋ ಅದರ ಮುಂದಿನ ಮಾರ್ಚ್‌ನಲ್ಲೋ ಮತ್ತೆ ಮಳೆ ಬರುತ್ತದೆ, ಮತ್ತೆ ಸಡಿಲಿಕೆಯ ಆದೇಶ ಹೊರಡುತ್ತದೆ. ಅದು ಹೊರಡಲಿ, ರೈತನಿಗೆ ಒಂದು ಪೈಸೆಯ ಕಡಿತವೂ ಇಲ್ಲದೆ ಹೊರಡಲಿ. ಆದರೆ ಆ ಆದೇಶದಡಿ ಕೊಂಡ ಪ್ರತಿಯೊಂದು ರಾಶಿಯೂ ಡಾನ್ ಮತ್ತು ಅಫ್ಲಟಾಕ್ಸಿನ್ ಪರೀಕ್ಷೆ ದಾಟದೆ ಪಡಿತರಕ್ಕಾಗಲಿ ಅಂಗನವಾಡಿಗಾಗಲಿ ಹೋಗಕೂಡದು, ಫಲಿತಾಂಶವನ್ನು ಗೋದಾಮುವಾರು ಜನರ ಮುಂದಿಡಬೇಕು ಎಂಬ ಒಂದು ಷರತ್ತನ್ನು ಕೇಂದ್ರ ಆಹಾರ ಸಚಿವಾಲಯ ಅದೇ ಕಾಗದದಲ್ಲಿ ಸೇರಿಸಬೇಕು. ಕರ್ನಾಟಕ ಸರ್ಕಾರ ಅದಕ್ಕೆ ಕಾಯದೆ, ತಾನು ಕೊಳ್ಳುವ ಜೋಳ, ರಾಗಿ, ಮೆಕ್ಕೆಜೋಳಕ್ಕೆ ಈ ವರ್ಷವೇ ಆ ನಿಯಮ ತರಬಹುದು.